ಮಡಚಿ ಹಿಡಿದ ಪೈಪು

ಆ ದಿನ ಬೆಳಗ್ಗೆ ಎಂಟೂವರೆಗೆ ತಂಗಿಯ ಫೋನು ಬಂದಾಗ ನಾನು ಎಮಿಷನ್ ಕೇಂದ್ರದ ಶಟರ್ ಎತ್ತುತ್ತಿದ್ದೆ. ಒಂದು ಕೈಯಲ್ಲಿ ಬೀಗ, ಇನ್ನೊಂದರಲ್ಲಿ ಶಟರಿನ ಹಿಡಿ, ಕಿವಿಗೂ ಭುಜಕ್ಕೂ ನಡುವೆ ಫೋನು. ಅಂಥ ಹೊತ್ತಿನಲ್ಲಿ ಯಾರು ಮಾತಾಡಿಸಿದರೂ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಅಕ್ಕ, ಮತ್ತೆ ತಲೆ ಸಿಡೀತಿದೆ," ಎಂದಳು. "ವ್ಯಾನ್ ಹತ್ತಿ ಅರ್ಧ ಗಂಟೆ ಆಗಿಲ್ಲ, ಶುರುವಾಯ್ತು. ಹೊಗೆ ಏನಾದ್ರೂ ಒಳಗೆ ಬರ್ತಿದೆಯೋ ಏನೋ."

"ಹದಿನೈದು ದಿನದ ಹಿಂದೆ ನಿನ್ನ ವ್ಯಾನ್ ನಾನೇ ಚೆಕ್ ಮಾಡಿದೀನಲ್ಲೇ. ಎರಡು ಪಾಯಿಂಟ್ ಒಂದು ಬಂತು. ಮಿತಿ ಮೂರು. ಮೆಷಿನ್ ಸುಳ್ಳು ಹೇಳಲ್ಲ. ಕಣ್ಣಿನ ಡಾಕ್ಟರಿಗೆ ತೋರಿಸು ಅಂತ ಎಷ್ಟು ಸಲ ಬಡ್ಕೊಳ್ಳೋದು ನಿನಗೆ?"

"ಕಿಟಕಿ ಸ್ವಲ್ಪ ಇಳಿಸ್ಲಾ?"

"ಈ ಚಳೀಲಿ? ಮಗೂಗೆ ಕೆಮ್ಮು ಬಿಟ್ಟು ಇನ್ನೂ ನಾಲ್ಕು ದಿನ ಆಗಿಲ್ಲ. ಮುಚ್ಚಿಕೊಂಡು ಹೋಗು."

ತಂಗಿ ಲಾಂಡ್ರಿಯ ವ್ಯಾನು ಓಡಿಸುತ್ತಾಳೆ. ಒಗೆದು ಇಸ್ತ್ರಿ ಮಾಡಿದ ಹಾಸಿಗೆಯ ಹೊದಿಕೆಗಳನ್ನು ಹೋಟೆಲುಗಳಿಗೆ ಕೊಟ್ಟು ಕೊಳೆಯಾದವನ್ನು ತರುವುದು ಅವಳ ಕೆಲಸ. ಅವಳ ಗಂಡ ಹಡಗಿನಲ್ಲಿ ಕೆಲಸ ಮಾಡುತ್ತಾನೆ, ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿದ್ದರೆ ಹೆಚ್ಚು. ಆ ವಾರ ಶಿಶುವಿಹಾರದ ಟೀಚರಿಗೆ ಜ್ವರವಾದ್ದರಿಂದ ಐದು ವರ್ಷದ ಮಗಳನ್ನೂ ವ್ಯಾನಿನಲ್ಲೇ ಕರೆದುಕೊಂಡು ಹೋಗುತ್ತಿದ್ದಳು. ಡ್ರೈವರ್ ಸೀಟಿನ ಹಿಂದೆ ಬಟ್ಟೆಯ ಗಂಟುಗಳು, ಆ ಗಂಟುಗಳ ಮೇಲೆ ಮಗು. ಎದ್ದಾಗಿನಿಂದ ಮಲಗುವವರೆಗೆ ಬಾಯಿ ಮುಚ್ಚದ ಮಗುವಾದ್ದರಿಂದ ನಾವೆಲ್ಲ ಅವಳನ್ನು ಪಟಪಟಿ ಎಂದೇ ಕರೆಯುತ್ತೇವೆ.

ಫೋನಿನಲ್ಲಿ ಅವಳ ದನಿಯೂ ಕೇಳಿಸಿತು. ಅಮ್ಮ, ನನಗೆ ಕಿಟಕಿ ಬೇಕು, ಗಾಳಿ ಬೇಕು ಎಂದು ರಾಗ ಎಳೆಯುತ್ತಿದ್ದಳು.

"ಕೊಡು ಅವಳಿಗೆ ಫೋನು," ಎಂದೆ. "ಏ ಪಟಪಟಿ, ಕಿಟಕಿ ಮುಟ್ಟಿದ್ರೆ ನೋಡು. ನಾನು ಹೇಳೋವರೆಗೂ ತೆಗೀಬಾರದು, ಗೊತ್ತಾಯ್ತಾ?"

"ನೀನು ಯಾವಾಗ ಹೇಳ್ತೀಯ ದೊಡ್ಡಮ್ಮ?"

"ಹೇಳ್ತೀನಿ. ಹೋಗು, ಅಮ್ಮಂಗೆ ತೊಂದರೆ ಕೊಡ್ಬೇಡ."

ಫೋನಿಟ್ಟು ಶಟರ್ ಎತ್ತಿದೆ. ನನ್ನ ಮಟ್ಟಿಗೆ ಆ ವಿಷಯ ಅಲ್ಲಿಗೆ ಮುಗಿದಿತ್ತು.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹನ್ನೊಂದು ವರ್ಷದಿಂದ ನಾನು ಗಾಡಿಗಳ ಹೊಗೆ ಅಳೆಯುತ್ತಿದ್ದೇನೆ. ಮಿತಿ ಮೂರು ಇದ್ದು ಗಾಡಿ ಮೂರು ಪಾಯಿಂಟ್ ಒಂದು ತೋರಿಸಿದರೆ ವಾಪಸ್ಸು ಕಳಿಸುತ್ತೇನೆ. ಒಂದು ಪಾಯಿಂಟಿಗೆ ಏನಮ್ಮ ಇಷ್ಟು ಎಂದು ಕಾಲು ಹಿಡಿದರೂ ಅಷ್ಟೇ, ಕಣ್ಣು ಕೆಂಪಗೆ ಮಾಡಿದರೂ ಅಷ್ಟೇ. ಸುತ್ತಮುತ್ತಲ ಗ್ಯಾರೇಜಿನವರು ಹಿಂದಿನಿಂದ ನನ್ನನ್ನು ಪಾಯಿಂಟಕ್ಕ ಎನ್ನುತ್ತಾರೆ. ಅದು ನನ್ನ ಕಿವಿಗೆ ಬಿದ್ದಿತ್ತು, ಬಿದ್ದು ಖುಷಿಯೂ ಆಗಿತ್ತು.

ನಮ್ಮ ಯಂತ್ರದ ಕೆಲಸ ಸುಲಭ. ಒಂದು ಟೊಳ್ಳು ಉಕ್ಕಿನ ಸರಳು, ಅದಕ್ಕೆ ಹಿಡಿ, ಹಿಡಿಯಿಂದ ಯಂತ್ರದವರೆಗೆ ನಾಲ್ಕು ಮೀಟರು ರಬ್ಬರ್ ಪೈಪು. ಸರಳನ್ನು ಗಾಡಿಯ ಸೈಲೆನ್ಸರಿನೊಳಗೆ ತೂರಿಸಿದರೆ ಯಂತ್ರ ಹೊಗೆಯನ್ನು ಹೀರಿಕೊಂಡು ಅದರಲ್ಲಿ ಯಾವುದು ಎಷ್ಟಿದೆ ಎಂದು ಪರದೆಯ ಮೇಲೆ ತೋರಿಸುತ್ತದೆ. ಪೈಪಿನಲ್ಲಿ ಎಲ್ಲಾದರೂ ಸೋರಿಕೆ ಇದ್ದರೆ ಹೊಗೆಯ ಜೊತೆ ಹೊರಗಿನ ಗಾಳಿಯೂ ಒಳಗೆ ಹೋಗುತ್ತದೆ, ಹಾಲಿಗೆ ನೀರು ಬೆರೆಸಿದ ಹಾಗೆ. ಆಗ ಎಂಥ ಕೊಳಕು ಗಾಡಿಯೂ ಸಭ್ಯಸ್ಥನಂತೆ ಕಾಣುತ್ತದೆ. ಅದಕ್ಕೇ ದಿನಾ ಬೆಳಗ್ಗೆ ಸರಳಿನ ತುದಿಗೆ ಒಂದು ರಬ್ಬರ್ ಟೊಪ್ಪಿ ಹಾಕಿ ಸೋರಿಕೆ ಪರೀಕ್ಷೆ ಮಾಡಬೇಕು. ತುದಿ ಮುಚ್ಚಿದಾಗ ಯಂತ್ರಕ್ಕೆ ಎಲ್ಲಿಂದಲೂ ಗಾಳಿ ಸಿಗಬಾರದು, ಸಿಕ್ಕರೆ ಪೈಪು ತೂತು.

ಆ ಟೊಪ್ಪಿ ಹೋದ ವರ್ಷ ಕಳೆದುಹೋಯಿತು. ಮಾಲೀಕರಿಗೆ ಹೇಳಿದೆ. ತರಿಸೋಣ ಎಂದರು, ಅವರು ತರಿಸೋಣ ಎಂದದ್ದು ಇವತ್ತಿನವರೆಗೆ ಬಂದದ್ದಿಲ್ಲ. ಆಗ ನಾನೇ ಒಂದು ಉಪಾಯ ಕಂಡುಹಿಡಿದೆ. ಹಿಡಿಯಿಂದ ಒಂದು ಮೊಳ ಬಿಟ್ಟು ಪೈಪನ್ನು ಮಡಚಿ ಮುಷ್ಟಿಯಲ್ಲಿ ಬಿಗಿಹಿಡಿಯುವುದು. ಪಂಪು ತಿಣುಕುತ್ತದೆ, ಪರದೆಯ ಮೇಲೆ ಸೋರಿಕೆ ಇಲ್ಲ ಎಂದು ಹಸಿರು ಅಕ್ಷರ ಬರುತ್ತದೆ. ಒಂದು ವರ್ಷ ದಿನಾ ಅದೇ ಜಾಗದಲ್ಲಿ, ಅದೇ ಮುಷ್ಟಿಯಲ್ಲಿ ಮಡಚಿದೆ. ಬುದ್ಧಿವಂತೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಕೆಲವು ವಾರಗಳಿಂದ ಪರದೆಯ ಒಂದು ಅಂಕಣ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಅದು ಆಕ್ಸಿಜನ್ನಿನ ಅಂಕಣ. ಎಂಜಿನ್ನು ಗಾಳಿಯಲ್ಲಿರುವ ಆಕ್ಸಿಜನ್ನನ್ನೆಲ್ಲ ಉರಿಸಿಬಿಡುವುದರಿಂದ ಹೊಗೆಯಲ್ಲಿ ಅದು ನೂರಕ್ಕೆ ಒಂದರ ಒಳಗೇ ಇರಬೇಕು. ಆದರೆ ಬಂದ ಗಾಡಿಗೆಲ್ಲ ನಾಲ್ಕು, ಐದು ತೋರಿಸುತ್ತಿತ್ತು. ಮಾಲೀಕರನ್ನು ಕೇಳಿದರೆ, "ಆ ಸೆನ್ಸರಿಗೆ ವಯಸ್ಸಾಗಿದೆ ಬಿಡಮ್ಮ, ಸರ್ಟಿಫಿಕೇಟಿನಲ್ಲಿ ಅದು ಪ್ರಿಂಟೇ ಆಗಲ್ಲವಲ್ಲ," ಎಂದರು. ಪಾಯಿಂಟಿಗೆ ಜಗಳವಾಡುವ ನಾನು ಆ ಮಾತನ್ನು ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎಂದು ಈಗಲೂ ರಾತ್ರಿ ಎದ್ದು ಕೂತು ಕೇಳಿಕೊಳ್ಳುತ್ತೇನೆ.

ಆ ದಿನ ಮೊದಲು ಬಂದದ್ದು ಒಬ್ಬ ಹಳೇ ಟ್ಯಾಕ್ಸಿಯ ಡ್ರೈವರು, ಅರವತ್ತು ದಾಟಿದವರು. ಗಾಡಿ ತಮ್ಮ ಎರಡನೇ ಮಗಳಿಗಿಂತ ಆರು ತಿಂಗಳು ದೊಡ್ಡದು, ಅವಳಿಗಿಂತ ಒಳ್ಳೇ ಸ್ವಭಾವದ್ದು ಎಂದು ತಾವೇ ಪರಿಚಯ ಮಾಡಿಸಿದರು. ಸರಳು ತೂರಿಸಿದೆ. ಕಾರ್ಬನ್ ಮಾನಾಕ್ಸೈಡ್ ಎರಡು ಪಾಯಿಂಟ್ ಎಂಟು ಬಂತು. ಪಾಸು.

ಅವರು ನಕ್ಕು ಜೇಬಿನಿಂದ ಇನ್ನೊಂದು ಚೀಟಿ ತೆಗೆದರು. ನಿನ್ನೆ ಸಂಜೆ ಬೇರೆ ಕೇಂದ್ರದಲ್ಲಿ ಮೂರು ಪಾಯಿಂಟ್ ಆರು ಬಂದು ಫೇಲಾಗಿತ್ತು. "ನಿಮ್ಮ ಮೆಷಿನ್ನಿಗೆ ಮನಸ್ಸು ಒಳ್ಳೇದು ಕಣಮ್ಮ. ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರೂ ಅದೇ ಹೇಳ್ತಾರೆ, ಪಾಸಾಗಬೇಕಾದ್ರೆ ಪಾಯಿಂಟಕ್ಕನ ಹತ್ರ ಹೋಗು ಅಂತ."

ನನ್ನ ಮೈ ಉರಿಯಿತು. ಹನ್ನೊಂದು ವರ್ಷದಲ್ಲಿ ಅಂಥ ಮಾತು ಕೇಳಿರಲಿಲ್ಲ. "ಅವರ ಮೆಷಿನ್ ಕೆಟ್ಟಿರಬೇಕು," ಎಂದೆ. "ಬನ್ನಿ ಇಲ್ಲಿ, ನಿಮ್ಮ ಕಣ್ಣೆದುರೇ ತೋರಿಸ್ತೀನಿ." ಪೈಪು ಮಡಚಿ ಹಿಡಿದೆ. ಹಸಿರು ಅಕ್ಷರ ಬಂತು. "ನೋಡಿದ್ರಾ? ಸೋರಿಕೆ ಇಲ್ಲ."

ಅವರು ಕತ್ತು ಓರೆ ಮಾಡಿ ನೋಡಿದರು. "ನೀವು ಹಿಡಿದ ಜಾಗದಿಂದ ಆಚೆಗೆ, ಮೆಷಿನ್ ಕಡೆಗೆ ಸರಿ ಇದೆ. ಈಚೆಗೆ? ಗಾಡಿಗೆ ಹಾಕೋ ತುದೀನೇ ಮುಚ್ಚಿ ನೋಡಬೇಕಲ್ವಾ?"

ಅವರ ಬಾಯಿ ಮುಚ್ಚಿಸಲೆಂದೇ ಸರಳಿನ ತುದಿಯನ್ನು ಒದ್ದೆ ಬಟ್ಟೆಯಿಂದ ತಣ್ಣಗೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಮುಚ್ಚಿದೆ. ಪೈಪು ನೆಟ್ಟಗೆ ಮಲಗಿತ್ತು. ಪಂಪು ತಿಣುಕಲಿಲ್ಲ. ಆರಾಮವಾಗಿ ಉಸಿರಾಡುತ್ತ ಕೂತಿತ್ತು. ಪರದೆಯ ಮೇಲೆ ಕೆಂಪು ಅಕ್ಷರ ಬಂತು.

ಪೈಪನ್ನು ಕೈಗೆತ್ತಿಕೊಂಡು ದಿನಾ ಮಡಚುವ ಜಾಗವನ್ನು ಹಿಮ್ಮುಖವಾಗಿ ಬಗ್ಗಿಸಿದೆ. ಅಲ್ಲಿ ಒಂದು ಸೀಳು ಬಾಯಿ ಬಿಟ್ಟಿತು, ಉಗುರಿನಷ್ಟು ಉದ್ದ. ಮಡಚಿದರೆ ಅದು ಮುಚ್ಚಿಕೊಳ್ಳುತ್ತಿತ್ತು, ಬಿಟ್ಟರೆ ತೆರೆದುಕೊಳ್ಳುತ್ತಿತ್ತು. ನನ್ನ ಪರೀಕ್ಷೆಯೇ ತೂತು ಮಾಡಿತ್ತು, ನನ್ನ ಪರೀಕ್ಷೆಯೇ ಅದನ್ನು ಬಚ್ಚಿಟ್ಟಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಕತೆ.

ಕಪಾಟಿನಿಂದ ಹೊಸ ಪೈಪು ತೆಗೆದು ಹಾಕಿದೆ. ಅದು ಅಲ್ಲೇ ಇತ್ತು, ಎರಡು ವರ್ಷದಿಂದ. ಟ್ಯಾಕ್ಸಿಯನ್ನು ಮತ್ತೆ ಅಳೆದೆ. ಮೂರು ಪಾಯಿಂಟ್ ಆರು. ಆಕ್ಸಿಜನ್ ಸೊನ್ನೆ ಪಾಯಿಂಟ್ ಎಂಟು. ಸೆನ್ಸರಿಗೆ ವಯಸ್ಸೂ ಆಗಿರಲಿಲ್ಲ, ಏನೂ ಆಗಿರಲಿಲ್ಲ.

"ಹೋಗಲಿ ಬಿಡಿ ತಾಯಿ, ಎಲ್ಲರಿಗೂ ಆಗೋದೇ," ಎಂದರು ಟ್ಯಾಕ್ಸಿಯಣ್ಣ, ಪಾಸಾದ ಗಾಡಿ ತಮ್ಮ ಬಾಯಿಂದಲೇ ಫೇಲಾಯಿತಲ್ಲ ಎಂಬ ಪೆಚ್ಚು ಮುಖದಲ್ಲಿ.

ನಾನು ಕಂಪ್ಯೂಟರಿನಲ್ಲಿ ಹಿಂದಿನ ಅಳತೆಗಳನ್ನು ತೆಗೆದೆ. ಆಕ್ಸಿಜನ್ ಯಾವತ್ತಿನಿಂದ ಏರಿದೆ ಎಂದು ನೋಡಿದರೆ ಸೀಳು ಯಾವತ್ತು ಬಿದ್ದದ್ದೆಂದು ಗೊತ್ತಾಗುತ್ತದೆ. ಐದು ವಾರ. ಎಲ್ಲ ಗಾಡಿಗಳಿಗೂ ನಾಲ್ಕು, ನಾಲ್ಕೂವರೆ, ಐದು. ಸಾಲು ಸಾಲಾಗಿ ಕಣ್ಣಾಡಿಸುತ್ತ ಬಂದೆ. ಒಂದು ಕಡೆ ಹತ್ತು ಎಂದಿತ್ತು.

ನಮ್ಮ ಪೈಪಿನ ಸೀಳಿನಿಂದ ಬರುವುದು ಹೆಚ್ಚೆಂದರೆ ಐದು. ಉಳಿದ ಐದು ಎಲ್ಲಿಂದ ಬಂತು? ಅದಕ್ಕೆ ಒಂದೇ ಉತ್ತರ ಇದೆ, ಈ ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಸುವ ಉತ್ತರ. ಗಾಡಿಯ ಸೈಲೆನ್ಸರಿನಲ್ಲೇ ತೂತಿದೆ. ಆ ತೂತಿನಿಂದ ಗಾಳಿ ಒಳಗೆ ಹೋಗುತ್ತದೆ, ಹೊಗೆ ಹೊರಗೆ ಬರುತ್ತದೆ. ಗಾಡಿಯ ಕೆಳಗೆ ಬರುತ್ತದೆ, ನೆಲದ ಹಲಗೆಯ ಸಂದಿನಿಂದ ಮೇಲಕ್ಕೆ ಬರುತ್ತದೆ. ಬೇರೆ ದಿನವಾಗಿದ್ದರೆ ಹತ್ತು ನೋಡಿದ ಕೂಡಲೇ ಗಾಡಿಯ ಕೆಳಗೆ ನುಗ್ಗಿ ನೋಡುತ್ತಿದ್ದೆ. ಅವತ್ತು ಎಲ್ಲ ಗಾಡಿಗೂ ಹೀಗೇ ಬರುತ್ತಿದೆ ಎಂದು ಸುಮ್ಮನಾಗಿದ್ದೆ.

ಆಮೇಲೆ ಗಾಡಿಯ ನಂಬರು ನೋಡಿದೆ. ಕಾರ್ಬನ್ ಮಾನಾಕ್ಸೈಡ್ ಎರಡು ಪಾಯಿಂಟ್ ಒಂದು. ತಂಗಿಯ ವ್ಯಾನು.

ಗಾಳಿಯಲ್ಲೇ ಆಕ್ಸಿಜನ್ ಇರುವುದು ನೂರಕ್ಕೆ ಇಪ್ಪತ್ತೊಂದು, ಹತ್ತು ಎಂದರೆ ಹೀರಿದ್ದರಲ್ಲಿ ಅರ್ಧಕ್ಕರ್ಧ ಬರೀ ಗಾಳಿ. ಹಾಗಾದರೆ ಆ ಎರಡು ಪಾಯಿಂಟ್ ಒಂದು ನಿಜಕ್ಕೂ ನಾಲ್ಕು. ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ. ತಲೆನೋವಿನಿಂದ ಶುರುವಾಗಿ ನಿದ್ದೆ ಬರಿಸುತ್ತದೆ, ನಿದ್ದೆಯಲ್ಲೇ ಕರೆದುಕೊಂಡು ಹೋಗುತ್ತದೆ. ಅವಳು ತಲೆನೋವು ಎಂದಳು. ಕಿಟಕಿ ಮುಚ್ಚು ಎಂದೆ.

ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಗೋಡೆಯ ಗಡಿಯಾರದಲ್ಲಿ ಒಂಬತ್ತು ನಲವತ್ತು. ಮೂರನೇ ಸಲ ಅವಸರದಲ್ಲಿ ತಪ್ಪು ಹೆಸರು ಒತ್ತಿ ಯಾರೋ ಗ್ಯಾರೇಜಿನವನಿಗೆ ಹೋಯಿತು, ಏನಕ್ಕ ಎಂದ, ಕಟ್ ಮಾಡಿದೆ. ನಾಲ್ಕನೇ ಸಲಕ್ಕೆ ತಂಗಿ ಎತ್ತಿದಳು.

"ಹೂಂ," ಎಂದಳು. ಅಷ್ಟೇ.

"ಎಲ್ಲಿದೀಯ?"

"ಟೋಲ್ ದಾಟಿದೆ... ಆ ದೊಡ್ಡ ನೀರಿನ ಟ್ಯಾಂಕ್ ಇದೆಯಲ್ಲ, ಕಾಣ್ತಿದೆ... ಎರಡು ಕಾಣ್ತಿದೆ ಅಕ್ಕ," ಎಂದು ಸಣ್ಣಗೆ ನಕ್ಕಳು. ನಾಲಿಗೆ ದಪ್ಪವಾದವಳ ಹಾಗೆ ಮಾತು ತೊದಲುತ್ತಿತ್ತು. ಅಲ್ಲಿ ಇರುವುದು ಒಂದೇ ಟ್ಯಾಂಕು.

"ಮಗು?"

"ಮಲಗಿದಾಳೆ. ಇವತ್ತು ಮಾತೇ ಇಲ್ಲ ಕಣಕ್ಕ. ಎಷ್ಟು ಹೊತ್ತಾಯ್ತು... ಪುಣ್ಯ ಅಂದ್ಕೊಂಡೆ."

ಪಟಪಟಿ ಹಗಲು ಹೊತ್ತು ಮಲಗಿದ್ದನ್ನು ಅವಳು ಹುಟ್ಟಿದಾಗಿನಿಂದ ನಾನು ನೋಡಿಲ್ಲ.

"ಗಾಡಿ ಪಕ್ಕಕ್ಕೆ ಹಾಕು. ಈಗಲೇ. ಯಾಕೆ ಅಂತ ಕೇಳ್ಬೇಡ."

"ಆಯ್ತು, ಬೈಬೇಡ," ಎಂದಳು. ಚಕ್ರ ಜಲ್ಲಿಯ ಮೇಲೆ ಹೊರಳುವ ಸದ್ದು ಕೇಳಿಸಿತು, ನಿಂತಿತು. "ನಿಲ್ಲಿಸ್ದೆ. ತುಂಬಾ ಚಳಿ ಅಕ್ಕ... ಹೀಟರ್ ಇರಲಿ, ಅವಳಿಗೆ..."

"ಎಂಜಿನ್ ಆರಿಸು. ಬಾಗಿಲು ತೆಗಿ, ಕೆಳಗೆ ಇಳಿ."

ಫೋನು ಎಲ್ಲೋ ಬಿದ್ದ ಸದ್ದಾಯಿತು. ಉತ್ತರ ಬರಲಿಲ್ಲ. ಹಿಂದೆ ಎಂಜಿನ್ ಮಾತ್ರ ಕೇಳಿಸುತ್ತಿತ್ತು, ನಿಂತ ಗಾಡಿಯ ಎಂಜಿನ್, ಗುರ್ರ್ ಎಂದು ಒಂದೇ ಸಮನೆ. ಓಡುವ ಗಾಡಿಗಾದರೂ ಸಂದುಗೊಂದಿನಿಂದ ಒಂದಿಷ್ಟು ಗಾಳಿ ನುಗ್ಗುತ್ತದೆ. ನಿಂತ ಗಾಡಿಗೆ ಅದೂ ಇಲ್ಲ. ಎಂಜಿನ್ ಆರಿಸು ಎಂಬುದನ್ನು ಮೊದಲು ಹೇಳಬೇಕಿತ್ತು. ನಾನು ಮೊದಲು ನಿಲ್ಲಿಸು ಎಂದೆ. ಹನ್ನೊಂದು ವರ್ಷದಿಂದ ಬಂದ ಗಾಡಿಗೆಲ್ಲ ಹೇಳುವುದು ಅದೇ ತಾನೆ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಓಡುತ್ತಿರಲಿ. ನನ್ನ ಮಾತು ಕೇಳಿಯೇ ಅವಳು ವ್ಯಾನನ್ನು ವಿಷದ ಪೆಟ್ಟಿಗೆ ಮಾಡಿಕೊಂಡು ಕೂತಳು.

ಟ್ಯಾಕ್ಸಿಯಣ್ಣ ನನ್ನ ಮುಖ ನೋಡಿದ್ದರು. "ಎಲ್ಲಿಗೆ?" ಎಂದಷ್ಟೇ ಕೇಳಿ ಬಾಗಿಲು ತೆಗೆದರು. ನಾನು ಶಟರೂ ಎಳೆಯದೆ ಹತ್ತಿದೆ. ಮೇಜಿನ ಮೇಲಿದ್ದ ರಿಜಿಸ್ಟರು ಕಂಕುಳಲ್ಲಿತ್ತು, ಅದನ್ನು ಯಾಕೆ ಎತ್ತಿಕೊಂಡೆನೋ ದೇವರಿಗೇ ಗೊತ್ತು.

ಟ್ಯಾಕ್ಸಿಯಣ್ಣನ ಫೋನಿನಿಂದ ಆಂಬ್ಯುಲೆನ್ಸಿಗೆ ಹೇಳಿದೆ. ಟೋಲ್ ಆಚೆ, ನೀರಿನ ಟ್ಯಾಂಕಿನ ಹತ್ತಿರ, ಬಿಳಿ ವ್ಯಾನು, ಕಾರ್ಬನ್ ಮಾನಾಕ್ಸೈಡ್, ಇಬ್ಬರು, ಅದರಲ್ಲೊಂದು ಮಗು. ಇಪ್ಪತ್ತೈದು ನಿಮಿಷ ಎಂದರು. ನನ್ನ ಫೋನು ಇನ್ನೊಂದು ಕಿವಿಯಲ್ಲೇ ಇತ್ತು. ಕಟ್ ಮಾಡಿ ಮತ್ತೆ ಮಾಡಿದರೆ ರಿಂಗಿಗೆ ಎಚ್ಚರವಾದಾಳೇ ಎಂದು ಒಂದು ಸಲ ಅನ್ನಿಸಿತು. ಆದರೆ ಕಟ್ ಮಾಡಿದರೆ ಆ ಎಂಜಿನ್ ಸದ್ದೂ ಇರುವುದಿಲ್ಲ, ಆಚೆ ಏನಾಯಿತು ಎಂದು ಗೊತ್ತೇ ಆಗುವುದಿಲ್ಲ. ಧೈರ್ಯ ಬರಲಿಲ್ಲ.

"ಏಳೇ," ಎಂದು ಕೂಗಿದೆ. "ಎಂಜಿನ್ ಆರಿಸೇ." ಗುರ್ರ್ ಎಂದಿತು. "ಪಟಪಟಿ, ಕಂದಾ, ದೊಡ್ಡಮ್ಮ ಕಣೆ. ಕಿಟಕಿ ತೆಗಿ. ನಾನು ಹೇಳ್ತಿದೀನಿ, ಈಗ ತೆಗಿ." ಅದೇ ಮಾತನ್ನು ಎಷ್ಟು ಸಲ ಕೂಗಿದೆನೋ ಲೆಕ್ಕವಿಲ್ಲ. ಫೋನು ಸೀಟಿನ ಕೆಳಗೆಲ್ಲೋ ಬಿದ್ದಿತ್ತು, ನನ್ನ ಮಾತು ಇರುವೆಯ ಮಾತಿನಷ್ಟು ಕೇಳಿಸುತ್ತಿತ್ತೋ ಇಲ್ಲವೋ. ಆದರೂ ಕೂಗಿದೆ.

ಟ್ಯಾಕ್ಸಿಯಣ್ಣ ಹಾರ್ನ್ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಟೋಲಿನಲ್ಲಿ ಸಾಲು ಇತ್ತು. ಅವರು ಕತ್ತು ಹೊರಗೆ ಹಾಕಿ, "ಮಗು ಸಾಯ್ತಾ ಇದೆ, ದಾರಿ ಬಿಡ್ರಪ್ಪ," ಎಂದರು. ನಾನು ಅದುವರೆಗೆ ಆ ಮಾತನ್ನು ಮನಸ್ಸಿನಲ್ಲೂ ಆಡಿರಲಿಲ್ಲ.

ಟೋಲ್ ದಾಟಿದ ಮೇಲೆ ಫೋನಿನಲ್ಲಿ ಎಂಜಿನ್ ಸದ್ದು ಬದಲಾಯಿತು. ಒಂದೇ ಸಮನೆ ಇದ್ದದ್ದು ಏರಿಳಿಯತೊಡಗಿತು, ಉಬ್ಬಸದವರ ಉಸಿರಿನ ಹಾಗೆ. ಆರಿಹೋಗು, ಆರಿಹೋಗು ಎಂದು ಬೇಡಿಕೊಂಡೆ. ಎಂಜಿನ್ ಕೆಟ್ಟು ಗಾಡಿ ನಿಂತವರ ಗೋಳಾಟವನ್ನು ಜೀವಮಾನವೆಲ್ಲ ಕೇಳಿದ್ದೇನೆ. ಒಂದು ಎಂಜಿನ್ ಕೆಡಲಿ ಎಂದು ಕಣ್ಣೀರು ಹಾಕಿದ್ದು ಅವತ್ತೇ. ಅದು ಕೆಡಲಿಲ್ಲ.

ನೀರಿನ ಟ್ಯಾಂಕಿನ ನೆರಳಿನಲ್ಲಿ ಬಿಳಿ ವ್ಯಾನು ನಿಂತಿತ್ತು, ಮುಂದಿನ ಒಂದು ಚಕ್ರ ಜಲ್ಲಿಯಿಂದ ಕೆಳಗಿಳಿದು ವಾಲಿಕೊಂಡು. ಕಿಟಕಿಗಳೆಲ್ಲ ಮಂಜು ಕಟ್ಟಿದ್ದವು. ಟ್ಯಾಕ್ಸಿ ನಿಲ್ಲುವ ಮೊದಲೇ ಇಳಿದು ಮೊಣಕಾಲು ಕೆತ್ತಿಕೊಂಡೆ. ಡ್ರೈವರ್ ಬಾಗಿಲು ತೆಗೆದು ಮೊದಲು ಕೀಲಿ ತಿರುಗಿಸಿದೆ. ಎಂಜಿನ್ ನಿಂತಿತು. ನನ್ನ ಇನ್ನೊಂದು ಕೈಯಲ್ಲಿದ್ದ ಫೋನಿನಲ್ಲೂ ನಿಂತಿತು.

ತಂಗಿ ಸ್ಟಿಯರಿಂಗಿನ ಮೇಲೆ ಕೆನ್ನೆಯಿಟ್ಟು ಬಿದ್ದಿದ್ದಳು. ಟ್ಯಾಕ್ಸಿಯಣ್ಣ ಅವಳ ಕಂಕುಳಿಗೆ ಕೈಹಾಕಿ ಎಳೆದುಕೊಂಡರು. ಉಸಿರಿದೆ, ಉಸಿರಿದೆ ತಾಯಿ ಎನ್ನುತ್ತಿದ್ದರು. ನಾನು ಹಿಂದಿನ ಬಾಗಿಲಿಗೆ ಓಡಿದೆ. ಹಿಡಿ ತಿರುಗಿಸಲು ಎರಡು ಸಲ ಜಾರಿತು. ತೆಗೆದರೆ ಒಳಗೆ ಬರೀ ಬಿಳಿ ಬಟ್ಟೆ, ಸೋಪಿನ ವಾಸನೆ. ಗಂಟುಗಳನ್ನು ಎಳೆದೆಳೆದು ರಸ್ತೆಗೆ ಎಸೆದೆ. ಮಗು ಕಾಣಿಸಲಿಲ್ಲ.

ಇದ್ದದ್ದು ಪಕ್ಕದ ಸಣ್ಣ ಕಿಟಕಿಯ ಕೆಳಗೆ. ಒಂದು ಗಂಟನ್ನು ಕಿಟಕಿಯವರೆಗೆ ತಳ್ಳಿಕೊಂಡು ಅದರ ಮೇಲೆ ಹತ್ತಿ, ಗಾಜಿಗೆ ಹಣೆ ಒತ್ತಿ ಮಲಗಿದ್ದಳು. ಬಲಗೈ ಕಿಟಕಿಯ ಚಿಲಕದ ಪಕ್ಕದಲ್ಲೇ ಇತ್ತು. ಚಿಲಕ ಸರಿಸುವುದು ಅವಳಿಗೆ ಗೊತ್ತು, ದಿನಕ್ಕೆ ಹತ್ತು ಸಲ ಸರಿಸಿ ಬೈಸಿಕೊಳ್ಳುತ್ತಿದ್ದಳು. ಅದು ಹಾಕಿಯೇ ಇತ್ತು.

ಎತ್ತಿಕೊಂಡಾಗ ಕೆನ್ನೆ ಕೆಂಪಗೆ ಹೊಳೆಯುತ್ತಿತ್ತು. ಒಂದು ಗಳಿಗೆ, ಬಣ್ಣ ಚೆನ್ನಾಗಿದೆ, ಏನೂ ಆಗಿಲ್ಲ ಎಂದು ಜೀವ ಬಂತು. ಮರುಗಳಿಗೆ ಟ್ರೈನಿಂಗಿನಲ್ಲಿ ಹೇಳಿದ್ದು ನೆನಪಾಯಿತು. ಈ ವಿಷ ಉಸಿರಾಡಿದವರ ಮೈ ಹಾಗೇ ಕೆಂಪಾಗುತ್ತದಂತೆ. ಅವಳನ್ನು ರಸ್ತೆಯ ಮೇಲೆ, ಆ ಬಿಳಿ ಬಟ್ಟೆಗಳ ಮೇಲೆ ಮಲಗಿಸಿ ಮೂಗಿಗೆ ಕಿವಿ ಕೊಟ್ಟೆ. ಲಾರಿಗಳು ಹೋಗುತ್ತಿದ್ದವು, ಏನೂ ಕೇಳಿಸಲಿಲ್ಲ. ಎದೆಯ ಮೇಲೆ ಕೈಯಿಟ್ಟೆ. ಬಹಳ ಹೊತ್ತಾದ ಮೇಲೆ ಒಂದು ಸಲ ಏರಿತು. ಮತ್ತೆ ಕಾದೆ. ಇನ್ನೊಂದು ಸಲ ಏರಿತು. ಆಂಬ್ಯುಲೆನ್ಸು ಬರುವವರೆಗೆ ನಾನು ಎಣಿಸಿದ್ದು ಅದೊಂದನ್ನೇ.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಕ್ಸಿಜನ್ ಮಾಸ್ಕ್ ಹಾಕಿದರು. ಹಾಸಿಗೆಯ ತಲೆದೆಸೆಯಲ್ಲಿದ್ದ ಪರದೆಯ ಅಂಕಿಗಳನ್ನು ನೋಡುತ್ತ ನಿಂತೆ. ಇದು ಸರಿಯಾಗಿ ತೋರಿಸುತ್ತಿದೆಯಾ, ಇದರ ವೈರು, ಪೈಪು ಯಾರಾದರೂ ನೋಡಿದ್ದಾರಾ ಎಂದು ನರ್ಸನ್ನು ಮೂರು ಸಲ ಕೇಳಿದೆ. ಆಕೆ ಮೂರನೇ ಸಲಕ್ಕೆ ನನ್ನ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿದರು.

ಮಧ್ಯಾಹ್ನ ತಂಗಿಗೆ ಪೂರ್ತಿ ಎಚ್ಚರವಾಯಿತು. ಎಲ್ಲ ಹೇಳಿದೆ, ಪೈಪು ಮಡಚಿದ್ದರಿಂದ ಹಿಡಿದು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಾನು ತಲೆನೋವು ಅಂತ ಎಷ್ಟು ಸಲ ಹೇಳ್ದೆ ಅಕ್ಕ," ಎಂದಳು, ಸೂರು ನೋಡುತ್ತ. "ನನ್ನ ಮಾತಿಗಿಂತ ಆ ಮೆಷಿನ್ ಮಾತೇ ನಿಂಗೆ ದೊಡ್ಡದಾಯ್ತು."

ಅವಳ ಕಾಲಿನ ಮೇಲೆ ಹೊದಿಕೆ ಸರಿಮಾಡಿದೆ. ಅವಳು ಕಾಲು ಎಳೆದುಕೊಂಡಳು.

ಮಗು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಡಾಕ್ಟರು, ಬದುಕುತ್ತಾಳೆ, ಆದರೆ ಎದ್ದು ಮಾತಾಡುವವರೆಗೆ ಮಿಕ್ಕದ್ದು ಹೇಳಲಾರೆ ಎಂದಿದ್ದರು. ಮಿಕ್ಕದ್ದು ಎಂದರೇನು ಎಂದು ಕೇಳುವ ಶಕ್ತಿ ನನಗಿರಲಿಲ್ಲ. ಅಷ್ಟರಲ್ಲಿ ಮಾಲೀಕರ ಫೋನು ಬಂತು. ಟ್ಯಾಕ್ಸಿಯಣ್ಣ ಅಂಗಡಿಯ ಶಟರ್ ಎಳೆಯಲು ಹೋಗಿ ಎಲ್ಲ ಹೇಳಿದ್ದರು.

"ಹೊಸ ಪೈಪು ಹಾಕಿದೀಯಲ್ಲ, ಅಲ್ಲಿಗೆ ಮುಗೀತು," ಎಂದರು. "ಐದು ವಾರದ್ದು ಕೆದಕೋಕೆ ಹೋಗ್ಬೇಡ. ಕೇಂದ್ರ ಮುಚ್ಚಿಸ್ತಾರೆ. ಯಾರೂ ಕೇಳಿಲ್ಲ, ನೀನ್ಯಾಕೆ ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀಯ?"

"ಕದ್ದಿದೀನಿ, ಅದಕ್ಕೆ," ಎಂದು ಫೋನಿಟ್ಟೆ.

ರಿಜಿಸ್ಟರು ಮಡಿಲಲ್ಲೇ ಇತ್ತು. ಗಾಡಿಯ ನಂಬರು, ಗಾಡಿಯವರ ಫೋನ್ ನಂಬರು, ದಿನಾಂಕ ಎಲ್ಲ ನನ್ನ ಕೈಬರಹದಲ್ಲಿ. ಆಕ್ಸಿಜನ್ ಎಷ್ಟು ಎಂಬುದೊಂದು ಇರಲಿಲ್ಲ, ಅದು ಕಂಪ್ಯೂಟರಿನಲ್ಲಿತ್ತು. ತಂಗಿಯ ನಂಬರು ಕಂಡ ಮೇಲೆ ಆ ಪಟ್ಟಿಯಲ್ಲಿ ಮುಂದಕ್ಕೆ ನಾನು ನೋಡಿಯೇ ಇರಲಿಲ್ಲ. ಅದರ ಕೆಳಗೆ ಇನ್ನೂ ಹದಿನೈದು ದಿನದ ಗಾಡಿಗಳಿದ್ದವು. ಇನ್ನೆಷ್ಟು ಹತ್ತು ಇದ್ದವೋ ನನಗೆ ಗೊತ್ತಿರಲಿಲ್ಲ. ಚಳಿ, ಎಲ್ಲರೂ ಕಿಟಕಿ ಮುಚ್ಚಿಕೊಂಡೇ ಓಡಿಸುತ್ತಾರೆ.

ನಾಲ್ಕು ಗಂಟೆಗೆ ನರ್ಸು ನನ್ನನ್ನು ಕರೆದರು. ಪಟಪಟಿ ಕಣ್ಣು ಬಿಟ್ಟಿದ್ದಳು. ಮಾಸ್ಕಿನೊಳಗೆ ತುಟಿ ಅಲ್ಲಾಡುತ್ತಿತ್ತು. ನಾನು ಬಗ್ಗಿ ಕಿವಿ ಕೊಟ್ಟೆ. ಏನು ಹೇಳುತ್ತಾಳೋ, ಮಾತು ಸರಿಯಾಗಿ ಬರುತ್ತದೋ ಇಲ್ಲವೋ, ನನ್ನ ಗುರುತು ಸಿಗುತ್ತದೋ ಇಲ್ಲವೋ ಎಂದು ಕಾದೆ.

"ದೊಡ್ಡಮ್ಮ," ಎಂದಳು. "ಈಗ ಕಿಟಕಿ ತೆಗೀಬಹುದಾ?"

ನಾನು ಎದ್ದು ಹೋಗಿ ಆ ಕೋಣೆಯ ಕಿಟಕಿ ತೆಗೆದೆ, ಎರಡೂ ಬಾಗಿಲು, ಗೋಡೆಗೆ ತಾಗುವವರೆಗೆ. ಚಳಿಗಾಳಿ ನುಗ್ಗಿತು. ನರ್ಸು ಬಂದು ಮಗುವಿನ ಹೊದಿಕೆಯನ್ನು ಕತ್ತಿನವರೆಗೆ ಎಳೆದರು.

ಆಮೇಲೆ ಕಾರಿಡಾರಿಗೆ ಬಂದು ಬೆಂಚಿನ ಮೇಲೆ ಕೂತು ರಿಜಿಸ್ಟರು ಬಿಚ್ಚಿದೆ. ಎಲ್ಲರಿಗಿಂತ ಈಚೆಗೆ ಬಂದವರಿಂದ ಶುರುಮಾಡಿ ಹಿಂದಕ್ಕೆ ಹೋಗೋಣ ಎಂದುಕೊಂಡೆ. ಮೊದಲನೆಯ ನಂಬರು ಯಾರೋ ಗಂಡಸಿನದು.

"ನಾನು ಎಮಿಷನ್ ಕೇಂದ್ರದವಳು," ಎಂದೆ. "ನಿಮ್ಮ ಗಾಡಿ ತಪ್ಪು ಅಳೆದಿದೀನಿ. ಓಡಿಸ್ತಿದ್ರೆ ಮೊದಲು ಕಿಟಕಿ ತೆಗೀರಿ, ನಿಲ್ಲಿಸಿ, ಎಂಜಿನ್ ಆರಿಸಿ. ಬೈಯೋದೆಲ್ಲ ಆಮೇಲೆ ಬೈಯಿರಿ, ನಾನು ಇಲ್ಲೇ ಇರ್ತೀನಿ."

ಆತ ಚೆನ್ನಾಗಿಯೇ ಬೈದ. ಪೂರ್ತಿ ಕೇಳಿಸಿಕೊಂಡು, ಅವನ ನಂಬರಿನ ಮುಂದೆ ಒಂದು ಗೆರೆ ಎಳೆದೆ.

ಎರಡನೆಯ ನಂಬರಿಗೆ ರಿಂಗ್ ಹೋಯಿತು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ.